ಸತುವಿನ ಮೇಲೆ ಕಪ್ಪು

ಓಬಾ ಮೇಷ್ಟ್ರು ತಮ್ಮ ಬೈಕನ್ನು ನಾಗುರಾ ಚಿಹಾರುವಿನ ವರ್ಕ್‌ಶಾಪಿಗೆ ತಂದದ್ದು ಹನ್ನೊಂದು ರಟ್ಟಿನ ಪೆಟ್ಟಿಗೆಗಳಲ್ಲಿ. ಮೋರಿ ಎಂಬ ಊರಿನ ಚಹಾ ಗೋದಾಮೊಂದರ ಅಟ್ಟದಲ್ಲಿ ಯಾರೋ ಪುಣ್ಯಾತ್ಮ ನಟ್ಟು ಬೋಲ್ಟು ಸಮೇತ ಬಿಚ್ಚಿಟ್ಟು, ಮತ್ತೆ ಜೋಡಿಸುವ ಉತ್ಸಾಹ ಬತ್ತಿ, ಹಾಗೇ ಬಿಟ್ಟುಹೋಗಿದ್ದ ಗಾಡಿ ಅದು: 1958ರ ಮಿಸಾಗೊ, ನೂರಿಪ್ಪತ್ತೈದು ಸಿಸಿ. ಮೂವತ್ತಾರು ವರ್ಷ ಹೈಸ್ಕೂಲಿನಲ್ಲಿ ಗಣಿತ ಹೇಳಿ ನಿವೃತ್ತರಾಗಿದ್ದ ಮೇಷ್ಟ್ರು ಪ್ರತಿ ಪೆಟ್ಟಿಗೆಯ ಮೇಲೂ ಒಳಗೇನಿದೆಯೆಂದು ದುಂಡಗೆ ಬರೆದು ಚೀಟಿ ಅಂಟಿಸಿದ್ದರು. ಅವರ ಬೇಡಿಕೆ ಒಂದೇ. ಕಾರ್ಖಾನೆಯ ಬಾಗಿಲು ದಾಟಿದ ದಿನ ಗಾಡಿ ಹೇಗಿತ್ತೋ ಹಾಗೇ ಆಗಬೇಕು. ಅದಕ್ಕಿಂತ ಚೆಂದ ಆಗುವುದೂ ಬೇಡ.

ಆ ಕೊನೆಯ ಮಾತು ಕೇಳಿಯೇ ಚಿಹಾರು ಕೆಲಸ ಒಪ್ಪಿಕೊಂಡಳು. ಹಳೆಯ ಗಾಡಿ ತರುವವರಲ್ಲಿ ಹತ್ತಕ್ಕೆ ಒಂಬತ್ತು ಜನರಿಗೆ ಬೇಕಾದದ್ದು ಹೊಳಪು. ಅವಳಪ್ಪನೂ ಅಂಥವನೇ. ಇದೇ ಹಮಾಮಾತ್ಸು ನಗರದಲ್ಲಿ, ಹತ್ತಿ ನೇಯುತ್ತಿದ್ದ ಈ ಹಳೆಯ ಶೆಡ್ಡಿನಲ್ಲೇ, ನಲವತ್ತು ವರ್ಷ ಬೈಕು ರಿಪೇರಿ ಮಾಡಿದವನು. ಕೈಗೆ ಸಿಕ್ಕಿದ್ದಕ್ಕೆಲ್ಲ ಕ್ರೋಮ್ ಹಾಕಿಸಿ, ಗಿರಾಕಿಯ ಮುಖ ಅದರಲ್ಲಿ ಕಂಡರೆ ಸಂತೋಷಪಡುತ್ತಿದ್ದ. ಅಪ್ಪ ತೀರಿಕೊಂಡ ಮೇಲೆ, ಅವನು ಉಜ್ಜಿ ಉಜ್ಜಿ ಅಳಿಸಿಹಾಕಿದ್ದು ಏನನ್ನು ಎಂಬುದು ಅವಳಿಗೆ ಒಂದೊಂದಾಗಿ ತಿಳಿಯುತ್ತ ಬಂದಿತ್ತು. ಈಗ ಅವಳಿಗೂ ಐವತ್ತು. ಯಾವ ಭಾಗ ಬಂದರೂ ಮೊದಲು ತೊಳೆಯುತ್ತಿರಲಿಲ್ಲ, ನೋಡುತ್ತಿದ್ದಳು.

ನೋಡುವುದೆಂದರೆ ಬಿಸಿಲು, ಮಳೆ, ಕೈ ಮೂರೂ ತಾಗದ ಜಾಗವನ್ನು ಹುಡುಕುವುದು. ವಾಷರಿನ ಅಡಿ. ಕ್ಲಾಂಪು ಕಚ್ಚಿದ ಸುತ್ತು. ಟ್ಯಾಂಕಿಗೆ ಮೊಣಕಾಲು ಒರಗಲೆಂದು ಅಂಟಿಸಿದ ರಬ್ಬರಿನ ಹಿಂಭಾಗ. ಶೆಡ್ಡಿನ ಗರಗಸದಂಥ ಮಾಡಿನ ಉತ್ತರದ ಗಾಜಿನಿಂದ ಇಳಿಯುವ ಬೆಳಕಿನಲ್ಲಿ ಭೂತಗನ್ನಡಿ ಹಿಡಿದು, ಸೀಮೆಎಣ್ಣೆಯಲ್ಲಿ ಅದ್ದಿದ ಹತ್ತಿಯಿಂದ ಕಾಸಿನಗಲ ಒರೆಸುವುದು, ನಿಲ್ಲಿಸುವುದು, ಬರೆದುಕೊಳ್ಳುವುದು. ಹೀಗೆ ಮಾಡಿಯೇ, ಎಲ್ಲರೂ ಕೆಂಪು ಎಂದುಕೊಂಡಿದ್ದ ಮಿಸಾಗೊ ಟ್ಯಾಂಕಿನ ಬಣ್ಣ ನಿಜಕ್ಕೂ ಬೇಯಿಸಿದ ಅಜುಕಿ ಕಾಳಿನ ಕಂದು ಎಂದು ಅವಳು ಮೊದಲ ವಾರದಲ್ಲೇ ಕಂಡುಹಿಡಿದಳು. ಮೇಷ್ಟ್ರು ಆ ರಬ್ಬರಿನ ಹಿಂಭಾಗವನ್ನು ಬಹಳ ಹೊತ್ತು ನೋಡಿ, ಕನ್ನಡಕ ತೆಗೆದು ಒರೆಸಿಕೊಂಡು, ಮತ್ತೆ ನೋಡಿದರು.

ತೊಡಕಾದದ್ದು ಏಳು ಸಣ್ಣ ಭಾಗಗಳಲ್ಲಿ. ಮಡ್‌ಗಾರ್ಡನ್ನು ಹಿಡಿದು ನಿಲ್ಲಿಸುವ ನಾಲ್ಕು ಕಂಬಿಗಳು, ಹಿಂದಿನ ಬ್ರೇಕಿನ ಉದ್ದ ಕಂಬಿ, ಚೈನ್ ಕವರಿನ ಎರಡು ಪಟ್ಟಿಗಳು. ಮೇಷ್ಟ್ರ ಗಾಡಿಯಲ್ಲಿ ಅವು ಕಪ್ಪಗಿದ್ದವು. ಆದರೆ ಮಿಸಾಗೊ ಇಟ್ಟುಕೊಂಡವರ ಬಳಗದಲ್ಲಿ ಹಲವರ ಗಾಡಿಗಳಲ್ಲಿ ಅವೇ ಭಾಗಗಳು ಬೆಳ್ಳಗೆ, ಸತುವಿನ ಲೇಪದಲ್ಲಿದ್ದವು. ಯಾವುದು ಕಾರ್ಖಾನೆಯದು, ಯಾವುದು ಆಮೇಲೆ ಯಾರೋ ಬಳಿದದ್ದು? ಇಡೀ ದೇಶದಲ್ಲಿ ಉಳಿದದ್ದು ಮೂವತ್ತೊಂದು ಮಿಸಾಗೊ. ಮೇಷ್ಟ್ರ ಬಳಿ ಮೂವತ್ತೊಂದರ ಚಾಸಿ ನಂಬರೂ ಇತ್ತು. ಸಾವಿರದ ಇನ್ನೂರರವರೆಗೆ ಕಪ್ಪು, ಆಮೇಲೆ ಬಿಳಿ ಎಂದು ಅವರು ಒಂದು ಸೂತ್ರ ಕಟ್ಟಿದ್ದರು. ಅದರ ಬೆನ್ನಿಗೇ ಕಪ್ಪು ಕಂಬಿಯ 1347 ಸಿಕ್ಕಿತು, ಬಿಳಿ ಕಂಬಿಯ 1188 ಸಿಕ್ಕಿತು. ಬಳಗ ಇಬ್ಭಾಗವಾಯಿತು. ಎರಡು ತಿಂಗಳಿಗೊಮ್ಮೆ ಗ್ಯೋಜಾ ಕಡುಬಿನ ಅಂಗಡಿಯಲ್ಲಿ ಸೇರುತ್ತಿದ್ದವರು ಈಗ ಕಪ್ಪಿನವರು ಒಂದು ಮೇಜು, ಬಿಳಿಯವರು ಒಂದು ಮೇಜು ಹಿಡಿದು, ಒಬ್ಬರ ಲೋಟಕ್ಕೆ ಇನ್ನೊಬ್ಬರು ಬಿಯರು ಬಗ್ಗಿಸುವುದನ್ನೂ ಬಿಟ್ಟಿದ್ದರು.

ಮಿಸಾಗೊ ಕಾರ್ಖಾನೆ ಮುಚ್ಚಿದ್ದು 1961ರಲ್ಲಿ. ನಕ್ಷೆಗಳು ಒಂದು ಪ್ರವಾಹದಲ್ಲಿ ಹೋಗಿದ್ದವು. ಇನ್ನು ಕೇಳಬೇಕಾದದ್ದು ಮನುಷ್ಯರನ್ನೇ. ಮೇಷ್ಟ್ರು ಎಲ್ಲಿಂದಲೋ ಕಲೆಹಾಕಿದ್ದ ಹಳೆಯ ಕೆಲಸಗಾರರ ವಿಳಾಸಗಳಿಗೆ ಚಿಹಾರು ಇಪ್ಪತ್ತಾರು ಕಾಗದ ಬರೆದಳು. ಬಹುಪಾಲು ಹಿಂದಕ್ಕೆ ಬಂದವು, ಕೆಲವಕ್ಕೆ ಮಕ್ಕಳು ವಿಷಾದದ ಉತ್ತರ ಬರೆದರು. ಒಂದು ಕಾರ್ಡು ಮಾತ್ರ ಹೀಗಿತ್ತು: ನಾನು ಸತು ಲೇಪಿಸುವ ಪ್ಲೇಟಿಂಗ್ ವಿಭಾಗದಲ್ಲಿದ್ದೆ, ನಮ್ಮ ಯಜಮಾನರು ಬಣ್ಣದ ವಿಭಾಗದಲ್ಲಿದ್ದರು. ಇಬ್ಬರೂ ಬದುಕಿದ್ದೇವೆ. ಬೇಗ ಬನ್ನಿ. ತಕಬಾಯಶಿ ಮಿತ್ಸುಯೊ.

ತಕಬಾಯಶಿ ದಂಪತಿಯ ಮನೆ ತೆನ್‌ರ್ಯೂ ನದಿಯ ದಂಡೆಯ ಹತ್ತಿರ. ಡಿಸೆಂಬರಿನ ಒಣಗಾಳಿ ಕಿಟಕಿಗಳನ್ನು ಅಲ್ಲಾಡಿಸುತ್ತಿತ್ತು. ಎಪ್ಪತ್ತೆಂಟರ ತೋಕುಜಿ ಅಜ್ಜ ಅಡಿಯಲ್ಲಿ ಬಿಸಿಯಿರುವ ಕೊತಾತ್ಸು ಮೇಜಿನ ರಗ್ಗಿನೊಳಗೆ ಕಾಲು ತೂರಿಸಿ ಕುಳಿತಿದ್ದರು. ಮಿಸಾಗೊ ಮುಚ್ಚಿದ ಮೇಲೆ ಅವರು ಮೂವತ್ತು ವರ್ಷ ಪಿಯಾನೋಗಳಿಗೆ ಕಪ್ಪು ಮೆರುಗು ಹಾಕಿದವರು, ಎಡಗಿವಿ ಮಂದವಾಗಿತ್ತು. ಅವರಿಗಿಂತ ಮೂರು ವರ್ಷ ಚಿಕ್ಕವಳಾದ ಮಿತ್ಸುಯೊ ಅಜ್ಜಿ ಗಂಡನ ಬಲಗಿವಿಯ ಕಡೆ ಕುಳಿತು ಕಿತ್ತಳೆ ಸುಲಿದು, ತೊಳೆಗಳ ಮೇಲಿನ ಬಿಳಿ ನಾರನ್ನೂ ತೆಗೆದು, ಅವರ ಮುಂದಿಡುತ್ತಿದ್ದಳು. ಅವರು ನೋಡದೆಯೇ ತಿನ್ನುತ್ತಿದ್ದರು.

ಚಿಹಾರು ಏಳು ಭಾಗಗಳ ಫೋಟೋ ಹರಡಿ ಪ್ರಶ್ನೆ ಕೇಳಿದಳು.

"ಕಪ್ಪು," ಎಂದರು ಅಜ್ಜ.

"ಬಿಳಿ," ಎಂದಳು ಅಜ್ಜಿ. "ನಾನೇ ಕೊಕ್ಕೆಗೆ ಸಿಕ್ಕಿಸಿ ತೊಟ್ಟಿಗೆ ಇಳಿಸ್ತಿದ್ದೆ. ಇವ್ರಿಗೆ ಏನ್ ಗೊತ್ತು?"

"ನಕ್ಷೇಲಿ ಕಪ್ಪು ಅಂತಿತ್ತು."

"ನಕ್ಷೆ ನೋಡಿದ್ದೀರಾ ನೀವು ಯಾವತ್ತಾದ್ರೂ? ಊಟದ ಡಬ್ಬಿ ಇಡೋಕೆ ಬಿಟ್ರೆ ನಕ್ಷೆ ಮೇಜಿನ ಹತ್ರಾನೇ ಹೋದೋರಲ್ಲ."

ಈ ಜಗಳ ಹೊಸದಲ್ಲವೆಂದು ಚಿಹಾರುವಿಗೆ ಬೇಗ ತಿಳಿಯಿತು. ಟಿವಿಯಲ್ಲಿ ಹಳೆಯ ಬೈಕು ಕಂಡಾಗಲೆಲ್ಲ ಇದು ಏಳುತ್ತಿತ್ತಂತೆ. ಯಾರ ದನಿಯೂ ಏರಲಿಲ್ಲ. ಅಜ್ಜಿ ಬೈಯುತ್ತಲೇ ಇನ್ನೊಂದು ಕಿತ್ತಳೆ ಕೈಗೆತ್ತಿಕೊಂಡಳು. ಹದಿನೆಂಟು ತುಂಬಿದ ವಸಂತದಲ್ಲಿ ಅವಳು ಕೆಲಸಕ್ಕೆ ಸೇರಿದ್ದು, ಆಸಿಡ್ಡಿನ ಹೊಗೆಗೆ ಮೊದಲ ತಿಂಗಳು ಕೆಮ್ಮಿದ್ದು, ಪ್ಲೇಟಿಂಗ್ ಮೇಸ್ತ್ರಿ ಎಂಥ ನಿರ್ದಯಿ ಎಂಬುದು, ಎಲ್ಲವನ್ನೂ ಹೇಳಿದಳು. ಮಾಲು ಕೆಟ್ಟರೆ ಮೇಸ್ತ್ರಿ ತೊಟ್ಟಿಯನ್ನು ನೋಡುತ್ತಿರಲಿಲ್ಲ, ಹುಡುಗಿಯನ್ನು ನೋಡುತ್ತಿದ್ದ. ಪ್ರತಿ ಹುಡುಗಿಗೂ ತನ್ನ ಮಾಲಿಗೆ ಕಟ್ಟಲು ನಂಬರಿನ ತಗಡಿನ ಬಿಲ್ಲೆ, ಅವಳದು ಏಳು. ಐವತ್ತೆಂಟರ ವಸಂತದಲ್ಲಿ ಆರನೆಯವಳನ್ನೂ ಒಂಬತ್ತನೆಯವಳನ್ನೂ ಒಂದೇ ವಾರದಲ್ಲಿ ಮನೆಗೆ ಕಳಿಸಿದ್ದ.

"ನನ್ನ ಬಿಲ್ಲೆ ಇದ್ದ ಮಾಲು ಒಂದೂ ವಾಪಸ್ ಬರಲಿಲ್ಲ," ಎಂದಳು ಅಜ್ಜಿ. "ನಾಲ್ಕು ವರ್ಷ. ಒಂದೇ ಒಂದೂ ಇಲ್ಲ."

ಹೇಳುವಾಗ ಅವಳ ಬೆನ್ನು ತಾನಾಗಿ ನೆಟ್ಟಗಾಯಿತು. ಅಜ್ಜ ಎದ್ದು, ಹೊರಗೆ ಒಣಗಲು ತೂಗುಹಾಕಿದ ಕಾಕಿ ಹಣ್ಣು ಗಾಳಿಗೆ ಬಿದ್ದಾವು ಎನ್ನುತ್ತ ಹೋದರು.

ಚಿಹಾರು ಉತ್ತರವಿಲ್ಲದೆ ಹಿಂತಿರುಗಿದಳು. ಆದರೂ ಮನಸ್ಸು ಹಗುರವಾಗಿತ್ತು. ಮುಂದಿನ ವಾರ ತೊಟ್ಟಿಗಳ ಬಗ್ಗೆ ಏನೋ ಕೇಳುವುದಿದೆ ಎಂದು ಮತ್ತೆ ಹೋದಳು. ಅದರ ಮುಂದಿನ ವಾರ ಕೇಳುವುದೇನೂ ಉಳಿದಿರಲಿಲ್ಲ. ಒಂದು ನೆಪ ಹುಡುಕಿಕೊಂಡು ಹೋದಳು. ಅವಳ ಮದುವೆ ಮುರಿದು ಹದಿನೈದು ವರ್ಷ. ಗಂಡನ ಆ ಮನೆಯಲ್ಲಿ ಯಾರೂ ಹೆಚ್ಚು ಮಾತಾಡುತ್ತಿರಲಿಲ್ಲ, ಜಗಳವಂತೂ ಇರಲೇ ಇಲ್ಲ. ಇಲ್ಲಿ ಇಬ್ಬರು ಮುದುಕರು ಮಿಸೊ ಸಾರಿಗೆ ಮೂಲಂಗಿ ಎಷ್ಟು ದಪ್ಪ ಹೆಚ್ಚಬೇಕು ಎನ್ನುವುದಕ್ಕೂ ಪಟ್ಟು ಹಿಡಿದು ವಾದಿಸುವುದನ್ನು ಕೇಳುತ್ತ ಕುಳಿತರೆ ಅವಳಿಗೆ ಎದ್ದು ಬರಲು ಮನಸ್ಸಾಗುತ್ತಿರಲಿಲ್ಲ.

ಉತ್ತರ ಸಿಕ್ಕಿದ್ದು ಅವಳ ಮೇಜಿನ ಮೇಲೆಯೇ, ಜನವರಿಯ ಒಂದು ಬೆಳಿಗ್ಗೆ. ಮೇಷ್ಟ್ರ ಗಾಡಿಯ ಫ್ರೇಮಿನ ಕಪ್ಪು ಬಣ್ಣವನ್ನು ಸೂಜಿಯಿಂದ ಕೆರೆದರೆ ಪುಡಿಯಾಗಿ ಉದುರುತ್ತಿತ್ತು. ಐವತ್ತಾರು ವರ್ಷವಾದರೂ ಕಬ್ಬಿಣವನ್ನು ಬಿಟ್ಟಿರಲಿಲ್ಲ. ಅದೇ ಕಪ್ಪು, ಮಡ್‌ಗಾರ್ಡಿನ ಕಂಬಿಯಲ್ಲಿ, ಬೆಂದ ಮೊಟ್ಟೆಯ ಸಿಪ್ಪೆಯಂತೆ ಹಾಳೆಹಾಳೆಯಾಗಿ ಏಳುತ್ತಿತ್ತು. ಅಂದರೆ ಅಡಿಯಲ್ಲಿರುವುದು ಬರಿಯ ಕಬ್ಬಿಣವಲ್ಲ. ಅವಳು ವಾಷರಿನ ಅಡಿಯ ಅಂಚಿನಲ್ಲಿ ಅಕ್ಕಿಕಾಳಿನಷ್ಟು ಎಬ್ಬಿಸಿ ನೋಡಿದಳು. ಬೂದು ಬಿಳುಪು. ಸತು.

ಆದರೆ ಎಂಥ ಸತು. ಮೋಡ ಕವಿದಂತೆ ಮಂಕಾಗಿ, ಮೈಯೆಲ್ಲ ಸಾಸಿವೆಯಂಥ ಗುಳ್ಳೆಗಳೆದ್ದ ಲೇಪ. ಕಂಬಿಯ ನಡುವೆ ಒಂದು ಕಡೆ, ತೊಟ್ಟಿಯಲ್ಲಿ ತೂಗಿಬಿಟ್ಟ ಕೊಕ್ಕೆ ತಾಗಿದಲ್ಲಿ, ಲೇಪ ಹಿಡಿಯದ ಚುಕ್ಕೆಯಿತ್ತು. ಅದರ ಮೇಲೂ ಕಪ್ಪು ಕೂತಿತ್ತು. ಬಣ್ಣ ಹೊಡೆಯುವಾಗ ತೂಗುಹಾಕಿದ ಕೊಕ್ಕೆಯ ಗುರುತು ಬೇರೆಯೇ, ತುದಿಯ ತೂತಿನಲ್ಲಿ. ಬಣ್ಣ ಫ್ರೇಮಿನದ್ದೇ, ಫ್ರೇಮಿನ ಹಾಗೆಯೇ ಗೂಡಿನಲ್ಲಿ ಸುಟ್ಟು ಗಟ್ಟಿ ಮಾಡಿದ್ದು. ಕಾರ್ಖಾನೆಯಲ್ಲೇ ಆದ ಕೆಲಸ, ಅನುಮಾನವಿಲ್ಲ. ಬಳಗದ ಇಬ್ಬರಿಂದ ಕಪ್ಪು ಕಂಬಿಗಳನ್ನು ತರಿಸಿ ನೋಡಿದಳು. ಅಲ್ಲೂ ಅದೇ ಗುಳ್ಳೆ, ಅದೇ ಸಿಪ್ಪೆ. ಒಂದು ಬೋಲ್ಟು ಉಳಿಸಲೂ ಲೆಕ್ಕ ಹಾಕುತ್ತಿದ್ದ ಬಡ ಕಾರ್ಖಾನೆ ಒಂದೇ ಕಂಬಿಗೆ ಎರಡು ಕೆಲಸ ಯಾಕೆ ಮಾಡಿಸಿತು? ಚಿಹಾರು ಫೋನಿನಲ್ಲಿ ತಕಬಾಯಶಿಯವರ ಮನೆಗೆ ಕಂಡದ್ದನ್ನಷ್ಟೇ ತಿಳಿಸಿದಳು. ಫೋನು ಎತ್ತಿದ್ದು ಅಜ್ಜ. ಕೇಳಿಸಿಕೊಂಡು, ಸರಿ ಎಂದು ಇಟ್ಟುಬಿಟ್ಟರು.

ಮರುದಿನ ಬೆಳಿಗ್ಗೆ ಎರಡು ಬಸ್ಸು ಬದಲಿಸಿ ಅವರು ಒಬ್ಬರೇ ವರ್ಕ್‌ಶಾಪಿಗೆ ಬಂದರು. ಅಜ್ಜಿ ಸುಂದರಬರಹದ ತರಗತಿಗೆ ಹೋಗಿದ್ದಳಂತೆ. ಸ್ಟೂಲಿನ ಮೇಲೆ ಕುಳಿತು ಕಂಬಿಯನ್ನು ಕೈಯಲ್ಲಿ ತಿರುಗಿಸಿ ನೋಡಿದರು.

"ನೀನು ಕೆರೆದು ನೋಡೋಳೇ ಅಂತ ಮೊದಲ ದಿನಾನೇ ಗೊತ್ತಾಯ್ತು," ಎಂದರು. "ನಿನ್ನ ಉಗುರು ನೋಡಿದೆ."

ಆಮೇಲೆ ಹೇಳಿದರು. ಐವತ್ತೆಂಟರ ಏಪ್ರಿಲಿನಲ್ಲಿ ಪ್ಲೇಟಿಂಗಿನ ಮೂರನೇ ತೊಟ್ಟಿ ಕೆಟ್ಟಿತ್ತು. ಕಳಪೆ ಸತುವೋ, ನೀರೋ, ಅಂತೂ ಅದರಲ್ಲಿ ಇಳಿಸಿದ ಅರ್ಧ ಮಾಲು ಗುಳ್ಳೆಯೆದ್ದು ಬರುತ್ತಿತ್ತು. ಆ ತೊಟ್ಟಿಯ ಮುಂದೆ ನಿಂತ ಹುಡುಗಿಯ ಬಿಲ್ಲೆ ನಂಬರು ಏಳು. ಸಂಜೆ ತಪಾಸಣೆಯವನು ಕೆಟ್ಟ ಮಾಲನ್ನು ಬಿಲ್ಲೆ ಸಮೇತ ಒಂದು ಮರದ ಪೆಟ್ಟಿಗೆಗೆ ಹಾಕಿ ಹಿಂಬಾಗಿಲಿನ ಹತ್ತಿರ ಇಡುತ್ತಿದ್ದ. ಬೆಳಿಗ್ಗೆ ಮೇಸ್ತ್ರಿ ಬಂದು ನೋಡುತ್ತಿದ್ದ. ಹಿಂಬಾಗಿಲಿನ ಎದುರಿಗೇ ಬಣ್ಣದ ಕೋಣೆ. ಇಪ್ಪತ್ತೆರಡರ ತೋಕುಜಿ ಗೂಡು ಹೊತ್ತಿಸಲು ಎಲ್ಲರಿಗಿಂತ ಒಂದು ಗಂಟೆ ಮೊದಲೇ ಬರುತ್ತಿದ್ದ. ಆರನೆಯವಳು ಅಳುತ್ತ ಗೇಟು ದಾಟಿದ್ದನ್ನು ಕಂಡಿದ್ದ. ಅದರ ಮರುದಿನದಿಂದ, ಏಳು ನಂಬರಿನ ಬಿಲ್ಲೆಯಿದ್ದ ಕಂಬಿಗಳನ್ನಷ್ಟೇ ಪೆಟ್ಟಿಗೆಯಿಂದ ಎತ್ತಿಕೊಂಡು, ಫ್ರೇಮಿಗೆ ಹೊಡೆದು ಉಳಿದ ಕಪ್ಪು ಬಳಿದು, ಫ್ರೇಮುಗಳ ಜೊತೆಗೇ ಸುಟ್ಟು, ಜೋಡಣೆಯವರ ಕಡೆಗೆ ದೂಡತೊಡಗಿದ. ಬಿಲ್ಲೆಗಳನ್ನು ತೊಳೆದು ಮತ್ತೆ ಅವುಗಳ ಮೊಳೆಗೆ ಸಿಕ್ಕಿಸುತ್ತಿದ್ದ. ಜೋಡಣೆಯವರು ಕೇಳಲಿಲ್ಲ, ತೂತು ಕೂಡಿದರೆ ಅವರಿಗೆ ಸಾಕಿತ್ತು. ಜುಲೈ ಕೊನೆಯಲ್ಲಿ ತೊಟ್ಟಿ ಖಾಲಿ ಮಾಡಿ ಹೊಸ ನೀರು ತುಂಬಿದರು. ಅಲ್ಲಿಗೆ ಮುಗಿಯಿತು.

"ಆಗ ಅಜ್ಜಿ ನಿಮಗೆ ಪರಿಚಯ ಇದ್ರಾ?" ಎಂದು ಚಿಹಾರು ಕೇಳಿದಳು.

"ಬೆನ್ನು ನೋಡಿದ್ದೆ. ತಲೆಗೆ ಬಿಳಿ ಬಟ್ಟೆ ಕಟ್ಕೊಂಡಿರ್ತಿದ್ಲು."

"ಸತುವಿನ ಮೇಲೆ ಬಣ್ಣ ನಿಲ್ಲಲ್ಲ ಅಂತ ನಿಮಗೆ ಗೊತ್ತಿರಲಿಲ್ವ?"

"ಗೊತ್ತಿತ್ತು. ಎರಡು ವರ್ಷ ತಡೀಲಿ ಸಾಕು ಅಂದ್ಕೊಂಡೆ. ಐವತ್ತಾರು ವರ್ಷ ಆದ್ಮೇಲೆ ನೀನೊಬ್ಳು ಬಂದು ಭೂತಗನ್ನಡಿ ಹಿಡೀತೀಯ ಅಂತ ಯಾರಿಗೆ ಗೊತ್ತಿತ್ತು?"

ಅವರು ನಗಲಿಲ್ಲ. ಅಜ್ಜಿಗೆ ತಿಳಿಯಬಾರದು ಎಂದು ಮಾತ್ರ ಕೇಳಿಕೊಂಡರು. ಒಂದೂ ವಾಪಸ್ ಬರಲಿಲ್ಲ ಎಂದು ಹೇಳುವಾಗ ಅವಳ ಮುಖ ಹೇಗಿರುತ್ತದೆ ಎನ್ನುವುದನ್ನು ಚಿಹಾರುವೂ ನೋಡಿದ್ದಳಲ್ಲ. ಚಿಹಾರು ಮಾತು ಕೊಟ್ಟಳು. ಮೇಷ್ಟ್ರಿಗೆ ಬರೆದ ವರದಿಯಲ್ಲಿ, ಏಳು ಭಾಗಗಳಿಗೆ ಕಾರ್ಖಾನೆಯಲ್ಲೇ ಸತು ಹಾಕಿ ಮೇಲೆ ಕಪ್ಪು ಬಳಿಯಲಾಗಿದೆ, ಕಾರಣ ತಿಳಿದಿಲ್ಲ ಎಂದಳು. ಕಾರಣ ಗೊತ್ತಿದ್ದೂ ಹಾಗೆ ಬರೆದದ್ದು ಅವಳ ಕಸುಬಿನಲ್ಲಿ ಅದೇ ಮೊದಲು.

ಲೆಕ್ಕ ಪೂರ್ತಿಯಾಗದೆ ಬಿಡುವವರಲ್ಲ ಮೇಷ್ಟ್ರು. ಕಾರಣ ತಿಳಿದಿಲ್ಲ ಎಂಬ ಎರಡು ಪದ ಅವರ ನಿದ್ದೆ ಕೆಡಿಸಿದವು. ಕಪ್ಪೂ ಸರಿ, ಬಿಳಿಯೂ ಸರಿ ಎಂದಾಯಿತಲ್ಲ ಎಂಬ ಸಂತೋಷವೂ ಅವರಿಗಿತ್ತು. ಆ ಸಂತೋಷವನ್ನು ಇಬ್ಬರು ಹಿರಿಯರ ಜೊತೆ ಹಂಚಿಕೊಳ್ಳೋಣ, ಹಾಗೇ ಕಾರಣವನ್ನೂ ಕೇಳೋಣ ಎಂದು, ಚಿಹಾರುವಿಗೆ ಒಂದು ಮಾತೂ ಹೇಳದೆ, ಫೆಬ್ರುವರಿಯ ಒಂದು ಭಾನುವಾರ ತಕಬಾಯಶಿ ದಂಪತಿಯನ್ನು ಕಾರಿನಲ್ಲಿ ಕೂರಿಸಿಕೊಂಡು ವರ್ಕ್‌ಶಾಪಿಗೆ ಬಂದೇಬಿಟ್ಟರು.

ಏಳು ಭಾಗಗಳೂ ಬಿಳಿ ಬಟ್ಟೆಯ ಮೇಲೆ ಸಾಲಾಗಿದ್ದವು. ಕಾರಿನಿಂದ ಇಳಿಯುತ್ತಿದ್ದ ಅಜ್ಜನ ಮುಖ ಕಂಡಕೂಡಲೇ ಚಿಹಾರು ಬಟ್ಟೆಯ ಅಂಚು ಎಳೆದು ಮುಚ್ಚಲು ಹೋದಳು. ಅಷ್ಟರಲ್ಲಿ ಮಿತ್ಸುಯೊ ಅಜ್ಜಿ ಮೇಜಿನ ಹತ್ತಿರ ಬಂದು ಒಂದು ಕಂಬಿ ಎತ್ತಿಕೊಂಡಾಗಿತ್ತು. ಕನ್ನಡಕ ಹಣೆಗೇರಿಸಿ, ಕಪ್ಪು ಎದ್ದಿದ್ದ ಜಾಗವನ್ನು ಕಣ್ಣಿನ ಹತ್ತಿರ ಹಿಡಿದಳು. ಹೆಬ್ಬೆರಳಿನಿಂದ ಗುಳ್ಳೆಗಳನ್ನು ಒಮ್ಮೆ ಸವರಿದಳು.

"ಇದು ಮೂರನೇ ತೊಟ್ಟಿ ಮಾಲು," ಎಂದಳು. "ನನ್ನ ತೊಟ್ಟಿ."

ಮೇಷ್ಟ್ರಿಗೆ ಏನೋ ಎಡವಟ್ಟಾಯಿತೆಂದು ಗೊತ್ತಾಯಿತೇ ಹೊರತು ಏನೆಂದು ತಿಳಿಯಲಿಲ್ಲ.

"ಬಳಿದದ್ದು ಯಾರು?"

ಅಜ್ಜ ಮಂದ ಕಿವಿಯನ್ನು ಅವಳ ಕಡೆ ತಿರುಗಿಸಿ ಇಂಜಿನ್ನು ನೋಡುತ್ತಿದ್ದವರು, ಸ್ವಲ್ಪ ಹೊತ್ತಿಗೆ ಆ ಆಟವನ್ನು ತಾವೇ ಬಿಟ್ಟರು. "ನಾನೇ," ಎಂದರು.

"ಎಷ್ಟು?"

"ಎಣಿಸಿಲ್ಲ."

ಅಜ್ಜಿ ಕಂಬಿಯನ್ನು ಅದೇ ಜಾಗದಲ್ಲಿ, ಅದೇ ಮಗ್ಗುಲಿಗೆ ಇಟ್ಟಳು. ಚಿಹಾರುವಿಗೆ ತಲೆಬಾಗಿ, ಕೆಲಸಕ್ಕೆ ತೊಂದರೆ ಕೊಟ್ಟೆವು ಎಂದು ಹೇಳಿ, ಮನೆಗೆ ಬಿಟ್ಟುಬರುವಂತೆ ಮೇಷ್ಟ್ರನ್ನು ಕೇಳಿಕೊಂಡಳು.

ಹನ್ನೊಂದು ದಿನ ಅಜ್ಜಿಯ ಸುದ್ದಿಯಿರಲಿಲ್ಲ. ಮೇಷ್ಟ್ರು ಎರಡು ಸಲ ಬಂದು, ತಾವು ಮಾಡಿದ್ದಕ್ಕೆ ಪರಿತಪಿಸಿ ಹೋದರು. ಚಿಹಾರು ಅವರಿಗೆ ಎಲ್ಲವನ್ನೂ ಹೇಳಿಬಿಟ್ಟಿದ್ದಳು; ಇನ್ನು ಮುಚ್ಚಿಡುವುದರಲ್ಲಿ ಅರ್ಥವಿರಲಿಲ್ಲ. ಸೂಜಿಯನ್ನೂ ಭೂತಗನ್ನಡಿಯನ್ನೂ ಕಂಡರೆ ಅವಳಿಗೇ ಬೇಸರವಾಗುತ್ತಿತ್ತು. ತಾನು ಬಗೆದದ್ದು ಬರೀ ಕಬ್ಬಿಣದ ಕಂಬಿಯನ್ನು ಎಂದುಕೊಂಡಿದ್ದಳು.

ಎಂಟನೆಯ ದಿನ ಅಜ್ಜ ಬಂದರು. ಮನೆಯಲ್ಲಿ ಹೊತ್ತಿಗೆ ಸರಿಯಾಗಿ ಊಟ ಬರುತ್ತದೆ, ಚಹಾ ಬರುತ್ತದೆ, ಸ್ನಾನಕ್ಕೆ ನೀರು ಬಿಸಿಯಾಗಿರುತ್ತದೆ ಎಂದು ವರದಿ ಒಪ್ಪಿಸಿದರು.

"ಮತ್ತೆ?" ಎಂದಳು ಚಿಹಾರು.

"ನಾನು ಏನ್ ಹೇಳಿದ್ರೂ ಹೂಂ ಅಂತಾಳೆ. ಮೂಲಂಗಿ ತೆಳ್ಳಗಾಯ್ತು ಅಂದೆ, ಹೌದು ಅಂದ್ಲು. ದಪ್ಪ ಆಯ್ತು ಅಂದೆ, ಅದಕ್ಕೂ ಹೌದು ಅಂದ್ಲು. ಹೀಗಾದ್ರೆ ಮನುಷ್ಯ ಬದುಕೋದು ಹೇಗೆ ಹೇಳು?"

ಇಬ್ಬರೂ ಸ್ಟೌವಿನ ಮುಂದೆ ಕುಳಿತು ಚಹಾ ಕುಡಿದರು. ಅಜ್ಜ ಟ್ಯಾಂಕಿನ ಹೊಸ ಬಣ್ಣವನ್ನು ನೋಡಿ, ಇನ್ನೊಂದು ಕೈ ತೆಳ್ಳಗೆ ಹೊಡೆದಿದ್ದರೆ ಆಗ ನಾವು ಹೊಡೆಯುತ್ತಿದ್ದ ಹಾಗೇ ಇರುತ್ತಿತ್ತು ಎಂದು ಹೇಳಿ ಹೋದರು. ಅವರು ಹೇಳಿದ್ದು ನಿಜವಾಗಿತ್ತು. ಚಿಹಾರು ಆ ವಾರವೇ ಟ್ಯಾಂಕನ್ನು ಉಜ್ಜಿ ಮತ್ತೆ ಹೊಡೆದಳು.

ಹನ್ನೆರಡನೆಯ ದಿನ ಮಿತ್ಸುಯೊ ಅಜ್ಜಿ ಬಂದಳು, ಒಬ್ಬಳೇ, ಟ್ಯಾಕ್ಸಿಯಲ್ಲಿ. ಇದ್ದಬದ್ದ ಕಪ್ಪು ಕಂಬಿಗಳನ್ನೆಲ್ಲ ತೋರಿಸಲು ಹೇಳಿದಳು. ಚಿಹಾರು ಮೇಷ್ಟ್ರದನ್ನೂ, ಬಳಗದ ಇನ್ನಿಬ್ಬರದನ್ನೂ ಹರಡಿದಳು. ಅಜ್ಜಿ ಒಂದೊಂದನ್ನೂ ಬೆಳಕಿಗೆ ಹಿಡಿದು ನೋಡಿದಳು, ಅವಸರವಿಲ್ಲದೆ, ಅಂದು ಹಿಂಬಾಗಿಲಿನಲ್ಲಿ ಮೇಸ್ತ್ರಿ ನೋಡಬೇಕಾಗಿದ್ದ ಹಾಗೆ. ಎಲ್ಲ ಕೆಟ್ಟ ಮಾಲೇ ಎಂದಳು. ತಾನಾಗಿದ್ದರೂ ಪಾಸು ಮಾಡುತ್ತಿರಲಿಲ್ಲವಂತೆ.

ಇಂಥವು ಇನ್ನೆಷ್ಟು ಇವೆ ಎಂದು ಕೇಳಿದಳು. ಉಳಿದಿರುವ ಮೂವತ್ತೊಂದರಲ್ಲಿ ಒಂಬತ್ತು ಗಾಡಿಗಳು, ಒಂಬತ್ತೂ ಏಪ್ರಿಲಿನಿಂದ ಜುಲೈಯೊಳಗೆ ಹೊರಬಂದವು ಎಂದು ಚಿಹಾರು ಮೇಷ್ಟ್ರ ಪಟ್ಟಿ ನೋಡಿ ಹೇಳಿದಳು. ಆ ನಾಲ್ಕು ತಿಂಗಳಲ್ಲಿ ಕಾರ್ಖಾನೆ ಸುಮಾರು ಆರುನೂರು ಗಾಡಿ ಮಾಡಿತ್ತು. ಅಜ್ಜಿ ಮನಸ್ಸಿನಲ್ಲೇ ಏನೋ ಗುಣಿಸುತ್ತ ತುಟಿ ಅಲ್ಲಾಡಿಸಿದಳು. ತಪ್ಪುಗಳನ್ನು ಎಣಿಸುತ್ತಿದ್ದಾಳೆ ಎಂದು ಚಿಹಾರುವಿಗೆ ಸಂಕಟವಾಯಿತು. ಅದು ತೊಟ್ಟಿಯ ದೋಷ, ನಿಮ್ಮದಲ್ಲ ಎಂದಳು.

"ಅದು ನನಗೂ ಗೊತ್ತು ಬಿಡಮ್ಮ. ಮಾಲು ಎಷ್ಟು ಕೆಡ್ತು ಅಂತ ಅಲ್ಲ ನಾನು ಯೋಚಿಸ್ತಿರೋದು," ಎಂದಳು ಅಜ್ಜಿ. "ಏಪ್ರಿಲಿಂದ ಜುಲೈ. ದಿನಾ ಬೆಳಿಗ್ಗೆ. ನನ್ನ ಹತ್ರ ಒಂದು ಮಾತೂ ಆಡಿರಲಿಲ್ಲ ಆ ಮನುಷ್ಯ."

ಅವರಿಬ್ಬರೂ ಮೊದಲು ಮಾತಾಡಿದ್ದು ಆ ವರ್ಷದ ಅಕ್ಟೋಬರಿನಲ್ಲಂತೆ. ಕಾರ್ಖಾನೆಯವರೆಲ್ಲ ಹಮಾನಾ ಸರೋವರಕ್ಕೆ ಪ್ರವಾಸ ಹೋದಾಗ, ಎತ್ತರದ ಹುಡುಗನೊಬ್ಬ ಬಂದು, ಡಬ್ಬಿಯಲ್ಲಿ ಉಮೆಬೋಶಿ ಉಪ್ಪಿನಕಾಯಿ ಹೆಚ್ಚಿಗೆ ಇದೆಯಾ ಎಂದು ಕೇಳಿದ್ದ. ಎಲ್ಲವೂ ಶುರುವಾದದ್ದು ಅಲ್ಲಿಂದ ಎಂದು ಅವಳು ಮಕ್ಕಳಿಗೆ ಹೇಳಿದ್ದಳು, ಮೊಮ್ಮಕ್ಕಳಿಗೂ ಹೇಳಿದ್ದಳು. ಈಗ ಆ ಶುರುವೇ ಆರು ತಿಂಗಳು ಹಿಂದೆ ಸರಿಯಬೇಕಾಗಿತ್ತು.

"ನನಗೆ ಸಿಟ್ಟು ಬಂದಿತ್ತು," ಎಂದಳು. "ನಾಲ್ಕು ದಿನ ನಿಜವಾಗ್ಲೂ ಬಂದಿತ್ತು. ನಾನು ಎಲ್ಲರ ಮುಂದೆ ಕೊಚ್ಕೊಳ್ತಿದ್ದಾಗ ಸುಮ್ನೆ ಕೂತು ಕಿತ್ತಳೆ ತಿಂತಿದ್ರಲ್ಲ ಅಂತ. ಆಮೇಲೆ ಸಿಟ್ಟು ಹೋಯ್ತು. ಆದ್ರೆ ಏನು ಮಾತಾಡೋದು ಅಂತ ಗೊತ್ತಾಗ್ಲಿಲ್ಲ. ಇಷ್ಟು ವಯಸ್ಸಾದ್ಮೇಲೆ ಇಂಥದ್ದಕ್ಕೆ ಏನಂತ ಮಾತಾಡ್ತಾರೆ?"

ಚಿಹಾರು ಅವಳ ಬಟ್ಟಲಿಗೆ ಚಹಾ ಬಗ್ಗಿಸಿದಳು. ಈ ಕಂಬಿಗಳನ್ನು ಏನು ಮಾಡುತ್ತೀರಿ ಎಂದು ಅಜ್ಜಿಯೇ ಕೇಳಿದಳು. ಹಳೆಯದನ್ನು ಕಿತ್ತು ಹೊಸದಾಗಿ ಸತು ಹಾಕಿಸಿ ಬೆಳ್ಳಗೆ ಮಾಡಬಹುದು, ಆಗ ಅದು ನಕ್ಷೆಯಲ್ಲಿ ಇದ್ದಿರಬಹುದಾದ ಹಾಗೆ ಇರುತ್ತದೆ. ಇಲ್ಲವೆ ಉದುರುತ್ತಿರುವ ಕಪ್ಪನ್ನು ಮೇಣ ಹಾಕಿ ನಿಲ್ಲಿಸಿ, ಇದ್ದ ಹಾಗೇ ಬಿಡಬಹುದು ಎಂದು ಚಿಹಾರು ಹೇಳಿದಳು. ಕಾರ್ಖಾನೆಯ ಬಾಗಿಲು ದಾಟಿದಾಗ ಅವು ಹೀಗೇ ಇದ್ದವು. ಆದರೆ ಇದು ಅಜ್ಜಿಯ ಕೈಕೆಲಸ, ಎಲ್ಲರೂ ನೋಡುತ್ತಾರೆ. ಅವಳು ಬೇಡವೆಂದರೆ ಬೇಡ. ಮೇಷ್ಟ್ರೂ ಅದಕ್ಕೆ ಒಪ್ಪಿದ್ದರು.

"ಹಾಗೇ ಇರ್ಲಿ," ಎಂದಳು ಅಜ್ಜಿ. "ತೆಗೆದ್ರೆ ಎರಡೂ ಹೋಗುತ್ತಲ್ಲ."

ಮಾರ್ಚ್ ಕೊನೆಯಲ್ಲಿ ಗಾಡಿ ಜೋಡಿಸಿ ಮುಗಿಯಿತು. ಚಿಹಾರು ಕಂಬಿಗಳ ಮೇಲೆ ಬಿಸಿ ಮೇಣವನ್ನು ಕುಂಚದಿಂದ ಹನಿಹನಿಯಾಗಿ ಇಳಿಸಿ, ಎದ್ದ ಸಿಪ್ಪೆಗಳನ್ನು ಬೆರಳಿನಲ್ಲೇ ಒತ್ತಿ ಕೂರಿಸಿದ್ದಳು. ಏಳು ಭಾಗಗಳಿಗೆ ಒಂಬತ್ತು ದಿನ ಹಿಡಿದಿತ್ತು. ಬಳಗದ ಪತ್ರಿಕೆಗೆ ವಿಷಯ ಬರೆಯಲು ಮೇಷ್ಟ್ರು ಪೆನ್ನು ಹಿಡಿದು ವರ್ಕ್‌ಶಾಪಿನಲ್ಲೇ ಕುಳಿತರು. ತಕಬಾಯಶಿ ದಂಪತಿ ಬಂದು ಗಾಡಿಯ ಸುತ್ತ ಒಂದೊಂದು ಸುತ್ತು ಹಾಕಿ ಆಗಿತ್ತು. ಅಜ್ಜ ಬಣ್ಣ ನೋಡುತ್ತ, ಅಜ್ಜಿ ನಟ್ಟುಗಳನ್ನು ನೋಡುತ್ತ.

ಕಾರಣ ಎಂಬಲ್ಲಿ ಏನು ಬರೆಯಲಿ ಎಂದು ಮೇಷ್ಟ್ರು ಬಹಳ ಮರ್ಯಾದೆಯಿಂದ ಕೇಳಿದರು. ತಿಳಿದಿಲ್ಲ ಎಂದೇ ಬಿಡಲೂ ತಾವು ಸಿದ್ಧ ಎಂದರು. ಅದನ್ನು ಹೇಳಲು ಅವರಿಗೆ ಎಷ್ಟು ಕಷ್ಟವಾಯಿತೆಂದು ಚಿಹಾರುವಿಗೆ ಕಾಣುತ್ತಿತ್ತು.

"ಬರ್ಕೊಳ್ಳಿ ಮೇಷ್ಟ್ರೇ," ಎಂದಳು ಅಜ್ಜಿ. "ಏಳನೇ ನಂಬರಿನ ಹುಡುಗಿಯ ಸತು ಗುಳ್ಳೆ ಎದ್ದಿತ್ತು. ಅದಕ್ಕೇ ಮೇಲೆ ಕಪ್ಪು ಬಳಿದ್ರು."

ಮೇಷ್ಟ್ರು ಬರೆದುಕೊಂಡರು. ಅಜ್ಜ ಗಂಟಲು ಸರಿಮಾಡಿಕೊಂಡು, ಬಣ್ಣದವನ ಕೆಲಸವೂ ಸರಿಯಿರಲಿಲ್ಲ, ಸತುವನ್ನು ಉಜ್ಜದೆ ಅವಸರದಲ್ಲಿ ಬಳಿದಿದ್ದ ಎಂದೂ ಬರೆಯಿರಿ ಎಂದರು.

"ಬಣ್ಣಕ್ಕೇನಾಗಿತ್ತು?" ಎಂದಳು ಅಜ್ಜಿ. "ಐವತ್ತಾರು ವರ್ಷ ಕೂತಿದೆ."

"ಸಿಪ್ಪೆ ಏಳ್ತಿದೆ ನೋಡೇ."

"ಅಂಚಿನಲ್ಲಿ ಸ್ವಲ್ಪ. ಅಷ್ಟಕ್ಕೇ ಸರಿಯಿಲ್ಲ ಅಂತ ಬರೆಸ್ತಾರಾ ಯಾರಾದ್ರೂ?"

"ಅಂಚಿನಲ್ಲಿ ಎದ್ರೂ ಎದ್ದ ಹಾಗೇ. ಪಿಯಾನೋದಲ್ಲಾಗಿದ್ರೆ..."

"ಇದೇನು ಪಿಯಾನೋನಾ?"

ಹನ್ನೊಂದು ದಿನ ಎದುರುಮಾತಿಲ್ಲದೆ ಕಳೆದ ಮನುಷ್ಯ ಬಲಗಿವಿಯನ್ನು ಪೂರ್ತಿ ಹೆಂಡತಿಯ ಕಡೆಗೆ ಹೊರಳಿಸಿ, ಒಂದೂ ಶಬ್ದ ಬಿಟ್ಟುಹೋಗದಂತೆ ಕೇಳಿಸಿಕೊಳ್ಳುತ್ತಿದ್ದರು. ಮೇಷ್ಟ್ರು ಪೆನ್ನು ಎತ್ತಿ ಹಿಡಿದು ಚಿಹಾರುವಿನ ಮುಖ ನೋಡಿದರು. ಎರಡನ್ನೂ ಬರೆಯಿರಿ ಎಂದು ಅವಳು ಸನ್ನೆ ಮಾಡಿ, ಗಾಡಿಯನ್ನು ಅಂಗಳಕ್ಕೆ ತಳ್ಳಿಕೊಂಡು ಹೋದಳು. ಮೂರನೆಯ ಒದೆತಕ್ಕೆ ಇಂಜಿನ್ನು ಹೊತ್ತಿಕೊಂಡಿತು. ಒಳ್ಳೆಯ ಸದ್ದು. ಅವಳು ಆಕ್ಸಿಲರೇಟರು ಸ್ವಲ್ಪ ಇಳಿಸಿದಳು, ಒಳಗಿನ ಮಾತು ಕೇಳಲೆಂದು.